ಅಪ್ರೆಂಟಿಸ್ ಇಟ್ಟುಕೊಂಡರೆ ಸರ್ಕಾರ ಕೊಡುವ ಹಣ: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಕಾಂಟ್ರಾಕ್ಟ್ ಆಯ್ತು, ಹುಡುಗ ಕೆಲಸಕ್ಕೂ ಬರ್ತಿದ್ದಾನೆ, ಸರ್ಕಾರದ ದುಡ್ಡು ಎಲ್ಲಿ ಮಾರಾಯ್ರೆ?" ಬೈಕಂಪಾಡಿಯ ಫ್ಯಾಬ್ರಿಕೇಶನ್ ಶೆಡ್‌ನವರು, ಮಲ್ಪೆಯ ಬೋಟ್ ಎಂಜಿನ್ ರಿಪೇರಿಯವರು, ಮಣಿಪಾಲದ ಪ್ರಿಂಟಿಂಗ್ ಪ್ರೆಸ್‌ನವರು, ಎಲ್ಲರದ್ದೂ ಇದೇ ಪ್ರಶ್ನೆ. ವಿಚಾರಿಸಿದರೆ ಎಡವಿದ ಜಾಗವೂ ಹೆಚ್ಚುಕಡಿಮೆ ಒಂದೇ. ಅಪ್ರೆಂಟಿಸ್ ಆಗಿ, ಅಂದರೆ ಕೆಲಸ ಕಲಿಯಲು ಬಂದ ಹುಡುಗನನ್ನು ಮೊದಲು ಕೆಲಸಕ್ಕೆ ಹಚ್ಚಿ, ಕಾಂಟ್ರಾಕ್ಟ್ ಆಮೇಲೆ ಮಾಡಿ, ಅವನ ಬ್ಯಾಂಕ್ ಖಾತೆಯನ್ನು ಕಟ್ಟಕಡೆಗೆ ನೋಡಿರುತ್ತಾರೆ. ಸರಿಯಾದ ಕ್ರಮ ಇದಕ್ಕೆ ಪೂರ್ತಿ ಉಲ್ಟಾ.

## ಮೊದಲಿಗೆ: ಹಣ ಯಾರ ಖಾತೆಗೆ ಬರುತ್ತದೆ?

ನಿಮ್ಮ ಖಾತೆಗೆ ಬರುವುದಿಲ್ಲ. ಇದು ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು.

ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ, ಅಂದರೆ ನ್ಯಾಪ್ಸ್, 2016ರಲ್ಲಿ ಶುರುವಾದಾಗ ಮಾಲೀಕರು ಪೂರ್ತಿ ಸ್ಟೈಪೆಂಡ್ (ಅಪ್ರೆಂಟಿಸ್‌ನ ತಿಂಗಳ ಭತ್ಯೆ) ಕೊಟ್ಟು, ಸರ್ಕಾರದ ಪಾಲನ್ನು ಆಮೇಲೆ ವಾಪಸ್ ಪಡೆಯಬೇಕಿತ್ತು. 2023ರ ಆಗಸ್ಟ್‌ನಿಂದ ಆ ಪಾಲು ಡಿಬಿಟಿ, ಅಂದರೆ ನೇರ ನಗದು ವರ್ಗಾವಣೆ ಮೂಲಕ ಅಪ್ರೆಂಟಿಸ್‌ನ ಖಾತೆಗೇ ಹೋಗುತ್ತಿದೆ. ಸ್ಟೈಪೆಂಡ್‌ನ ಶೇಕಡಾ 25, ಆದರೆ ತಿಂಗಳಿಗೆ ತಲಾ 1500 ರೂಪಾಯಿಗಿಂತ ಜಾಸ್ತಿ ಇಲ್ಲ. ಉಳಿದದ್ದು ನೀವು ಕೊಡುವುದು. ನಿಮಗೆ ಸಿಗುವ ಲಾಭ ಅಂದರೆ ಪ್ರತಿ ತಿಂಗಳು ಅಷ್ಟು ಹೊರೆ ಕಡಿಮೆ.

ಹಾಗಾಗಿ "ಸಬ್ಸಿಡಿ ಬಂದ ಮೇಲೆ ಹುಡುಗನಿಗೆ ಕೊಡೋಣ" ಎಂದು ಕಾಯುವವರು ಯಾವತ್ತೂ ಕಾಯುತ್ತಲೇ ಇರುತ್ತಾರೆ. ಪೂರ್ತಿ ಮೊತ್ತ ಕೊಟ್ಟುಬಿಟ್ಟು, ಸರ್ಕಾರದ 1500 ಬಂದ ಮೇಲೆ ಹುಡುಗನಿಂದ ನಗದಾಗಿ ವಾಪಸ್ ಕೇಳುವವರೂ ಇದ್ದಾರೆ. ಅದನ್ನು ಮಾತ್ರ ಮಾಡಬೇಡಿ. ನಾಳೆ ಅವನು ದೂರು ಕೊಟ್ಟರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ನ್ಯಾಪ್ಸ್‌ನ ಎರಡನೇ ಹಂತಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2025-26ರ ತನಕ. ಹೊಸ ಕಾಂಟ್ರಾಕ್ಟ್ ಮಾಡುವ ಮೊದಲು ಯೋಜನೆಯ ಈಗಿನ ಅವಧಿಯನ್ನು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

## ಹಂತ 1: ನಿಮ್ಮಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ

ಲೆಕ್ಕದಲ್ಲಿ ಗುತ್ತಿಗೆ ಕೆಲಸಗಾರರೂ ಸೇರುತ್ತಾರೆ. ನಿಮ್ಮ ಮಸ್ಟರ್ ರೋಲ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) 22 ಜನ, ಕಾಂಟ್ರಾಕ್ಟರ್ ಕಡೆಯಿಂದ 10 ಜನ ಇದ್ದರೆ ನೀವು 32 ಜನರ ಸಂಸ್ಥೆ.

30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ. ಒಟ್ಟು ಸಂಖ್ಯೆಯ ಶೇಕಡಾ 2.5ರಿಂದ 15ರ ಒಳಗೆ ಇರಬೇಕು. 40 ಜನರ ಕಾರ್ಖಾನೆಗೆ ಕನಿಷ್ಠ ಒಬ್ಬರು, ಗರಿಷ್ಠ ಆರು ಜನ. 4ರಿಂದ 29 ಜನ ಇದ್ದರೆ ನಿಮ್ಮ ಇಷ್ಟ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅವಕಾಶವೇ ಇಲ್ಲ. ಗಂಡ, ಹೆಂಡತಿ ಮತ್ತು ಒಬ್ಬ ಹೆಲ್ಪರ್ ಸೇರಿ ನಡೆಸುವ ಬೇಕರಿಯವರು ಇಲ್ಲಿಗೇ ನಿಲ್ಲಿಸಬಹುದು.

ಕಡ್ಡಾಯ ಇದ್ದೂ ಇಟ್ಟುಕೊಳ್ಳದಿದ್ದರೆ ದಂಡ ಇದೆ. ಖಾಲಿ ಬಿಟ್ಟ ಪ್ರತಿ ಸೀಟಿಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ ಭರ್ತಿ ಮಾಡುವ ತನಕ ತಿಂಗಳಿಗೆ 1000. ನಮ್ಮ ಕಡೆಯ ಗೇರುಬೀಜದ ಕಾರ್ಖಾನೆ, ಮೀನು ಸಂಸ್ಕರಣೆ ಘಟಕಗಳಲ್ಲಿ ಗುತ್ತಿಗೆಯವರನ್ನು ಸೇರಿಸಿದರೆ 30 ಸುಲಭವಾಗಿ ದಾಟುತ್ತದೆ. ನೋಟಿಸ್ ಬಂದ ಮೇಲೆ ಓಡಾಡುವ ಬದಲು ಈಗಲೇ ಎಣಿಸಿ.

## ಹಂತ 2: ನ್ಯಾಪ್ಸೋ, ನ್ಯಾಟ್ಸೋ ತೀರ್ಮಾನಿಸಿ

ಎರಡೂ ಕೇಂದ್ರ ಸರ್ಕಾರದ್ದೇ, ಆದರೆ ಬೇರೆ ಬೇರೆ ಸಚಿವಾಲಯ, ಬೇರೆ ಬೇರೆ ಪೋರ್ಟಲ್. ನ್ಯಾಪ್ಸ್ ಕೌಶಲ್ಯಾಭಿವೃದ್ಧಿ ಸಚಿವಾಲಯದ್ದು, ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಶಿಕ್ಷಣ ಸಚಿವಾಲಯದ್ದು. ಕರ್ನಾಟಕದ ನ್ಯಾಟ್ಸ್ ವ್ಯವಹಾರ ನೋಡಿಕೊಳ್ಳುವುದು ಚೆನ್ನೈಯಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ.

ಐಟಿಐ, ಎಸ್ಸೆಸ್ಸೆಲ್ಸಿ, ಪಿಯುಸಿ ಆದವರನ್ನು ತೆಗೆದುಕೊಳ್ಳುವುದಾದರೆ ನ್ಯಾಪ್ಸ್. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ (ಕೆಪಿಟಿ) ಥರದ ಕಡೆ ಡಿಪ್ಲೊಮಾ ಮುಗಿಸಿದವರು, ಬಿಇ ಆದವರು ಬೇಕಿದ್ದರೆ ನ್ಯಾಟ್ಸ್. ಅದರಲ್ಲಿ ಸರ್ಕಾರದ ಪಾಲು ಕನಿಷ್ಠ ಸ್ಟೈಪೆಂಡ್‌ನ ಅರ್ಧ. 2019ರ ದರದಲ್ಲಿ ಪದವೀಧರರಿಗೆ 4500, ಡಿಪ್ಲೊಮಾದವರಿಗೆ 4000. 1500ಕ್ಕೆ ಹೋಲಿಸಿದರೆ ದೊಡ್ಡ ವ್ಯತ್ಯಾಸ, ಅಲ್ವಾ? ಡಿಪ್ಲೊಮಾ ಆದವನನ್ನು ಸುಮ್ನೆ ನ್ಯಾಪ್ಸ್‌ನಲ್ಲಿ ಹಾಕಿ ಕಳೆದುಕೊಳ್ಳಬೇಡಿ. ಒಬ್ಬರಿಗೆ ಎರಡೂ ಕಡೆ ಹೆಸರು ಹಾಕಿದರೆ ಮಾತ್ರ ಎರಡೂ ಕೆಟ್ಟೀತು.

ಇನ್ನು ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದಲ್ಲ. ಅದು ದೇಶದ 500 ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಯೆಯ್ಯಾಡಿಯ ಸಣ್ಣ ವರ್ಕ್‌ಶಾಪ್‌ಗೆ ಅದರಿಂದ ಪ್ರಯೋಜನ ಇಲ್ಲ.

ಮುಂದಿನ ಹಂತಗಳನ್ನು ನ್ಯಾಪ್ಸ್ ಲೆಕ್ಕದಲ್ಲೇ ಬರೆದಿದ್ದೇನೆ. ಹೆಚ್ಚಿನವರು ತೆಗೆದುಕೊಳ್ಳುವುದು ಐಟಿಐ ಹುಡುಗರನ್ನೇ.

## ಹಂತ 3: ದಾಖಲೆ ಜೋಡಿಸಿ, ಪೋರ್ಟಲ್‌ನಲ್ಲಿ ಸಂಸ್ಥೆಯನ್ನು ನೋಂದಾಯಿಸಿ

ಪ್ಯಾನ್, ಜಿಎಸ್‌ಟಿ ಸಂಖ್ಯೆ, ಉದ್ಯಮ್ ನೋಂದಣಿ ಪತ್ರ, ಪಿಎಫ್ ಇದ್ದರೆ ಅದರ ಸಂಖ್ಯೆ, ಸಂಸ್ಥೆಯ ಬ್ಯಾಂಕ್ ಖಾತೆ ವಿವರ, ಸಹಿ ಮಾಡುವವರ ಆಧಾರ್. ಇಷ್ಟು ಒಂದು ಫೋಲ್ಡರ್‌ನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಂಡು ಕುಳಿತುಕೊಳ್ಳಿ.

ಸಂಸ್ಥೆಯ ಹೆಸರು ಎಲ್ಲದರಲ್ಲೂ ಒಂದೇ ಥರ ಇರಬೇಕು. ಬೋರ್ಡಿನ ಮೇಲಿನ ಹೆಸರು ಒಂದು, ಜಿಎಸ್‌ಟಿಯಲ್ಲಿ ಮಾಲೀಕರ ಹೆಸರು, ಉದ್ಯಮ್‌ನಲ್ಲಿ ಮೂರನೆಯದು. ಪ್ರೊಪ್ರೈಟರಿ ಸಂಸ್ಥೆಗಳಲ್ಲಿ ಇದು ಮಾಮೂಲು. ಪೋರ್ಟಲ್‌ನಲ್ಲಿ ಪ್ಯಾನ್‌ನಲ್ಲಿ ಇರುವ ಹಾಗೇ ಬರೆಯಿರಿ.

ಇಮೇಲ್ ಮತ್ತು ಮೊಬೈಲ್ ನಂಬರ್ ಸಂಸ್ಥೆಯದ್ದೇ ಕೊಡಿ. ಅಕೌಂಟೆಂಟ್ ಅಥವಾ ಸೈಬರ್ ಸೆಂಟರ್‌ನವರ ನಂಬರ್ ಕೊಟ್ಟರೆ, ಅವರು ಬಿಟ್ಟು ಹೋದ ದಿನ ಒಟಿಪಿ ಹುಡುಕಿಕೊಂಡು ಅಲೆಯಬೇಕು. ಕೆಲಸ ಎರಡು ಕಡೆ ನಡೆಯುತ್ತಿದ್ದರೆ, ಉದಾಹರಣೆಗೆ ಆಫೀಸ್ ಹಂಪನಕಟ್ಟೆಯಲ್ಲಿ, ಘಟಕ ನಂದಿಕೂರಿನಲ್ಲಿ ಇದ್ದರೆ, ತರಬೇತಿ ಕೊಡುವ ಜಾಗವನ್ನು ಪ್ರತ್ಯೇಕವಾಗಿ ಸೇರಿಸಿ.

## ಹಂತ 4: ಟ್ರೇಡ್ ಮತ್ತು ಸ್ಟೈಪೆಂಡ್ ನಿಗದಿ ಮಾಡಿ

ಟ್ರೇಡ್, ಅಂದರೆ ನೀವು ಕಲಿಸುವ ಕಸುಬು, ಎರಡು ಬಗೆ. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಟರ್ನರ್, ಡೀಸೆಲ್ ಮೆಕ್ಯಾನಿಕ್ ಥರದವು ಸರ್ಕಾರ ಗೊತ್ತುಪಡಿಸಿದವು. ಬೇಕರಿ, ಹೋಟೆಲ್, ಅಂಗಡಿ ಸೇಲ್ಸ್‌ನಂಥ ಹಲವು ಕೆಲಸಗಳಿಗೆ ಐಚ್ಛಿಕ ಟ್ರೇಡ್ ಸಿಗುತ್ತದೆ. ಅವುಗಳ ಅವಧಿ 6 ತಿಂಗಳಿಂದ 36 ತಿಂಗಳವರೆಗೆ.

ಗೊತ್ತುಪಡಿಸಿದ ಟ್ರೇಡ್‌ಗೆ ಐಟಿಐ ಆದವರನ್ನು ತೆಗೆದುಕೊಳ್ಳುವುದೇ ಸುಲಭ. ಐಟಿಐ ಆಗದವರನ್ನು ತೆಗೆದುಕೊಂಡರೆ ಮೊದಲು ಬೇಸಿಕ್ ಟ್ರೈನಿಂಗ್ ಕೊಡಿಸಬೇಕಾಗುತ್ತದೆ, ಸಣ್ಣವರಿಗೆ ಅದು ತಲೆನೋವು. ಸರ್ಟಿಫಿಕೇಟ್‌ನಲ್ಲಿರುವ ಟ್ರೇಡ್ ಮತ್ತು ನೀವು ಹಾಕುವ ಟ್ರೇಡ್ ಹೊಂದಬೇಕು. ಎಲೆಕ್ಟ್ರಿಷಿಯನ್ ಓದಿದವನನ್ನು ಫಿಟ್ಟರ್ ಎಂದು ಹಾಕಿದರೆ ಕಾಂಟ್ರಾಕ್ಟ್ ಮುಂದೆ ಹೋಗುವುದು ಕಷ್ಟ.

ಕನಿಷ್ಠ ವಯಸ್ಸು 14, ಅಪಾಯದ ಕೆಲಸಗಳಿಗೆ 18. ಅಮೋನಿಯ ಬಳಸುವ ಐಸ್ ಪ್ಲಾಂಟ್‌ನವರು ಹದಿನೆಂಟು ಆಗದವರನ್ನು ಯೋಚಿಸಲೇಬಾರದು.

2019ರ ನಿಯಮದಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಹೀಗಿದೆ:

- 5ರಿಂದ 9ನೇ ತರಗತಿ ಓದಿದವರಿಗೆ 5000
- ಎಸ್ಸೆಸ್ಸೆಲ್ಸಿ ಆದವರಿಗೆ 6000
- ಪಿಯುಸಿ ಅಥವಾ ಐಟಿಐ ಆದವರಿಗೆ 7000
- ಡಿಪ್ಲೊಮಾ ಆದವರಿಗೆ 8000
- ಪದವೀಧರರಿಗೆ 9000

ಎರಡನೇ ವರ್ಷ ಶೇಕಡಾ 10, ಮೂರನೇ ವರ್ಷ ಶೇಕಡಾ 15 ಏರಿಸಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇಕಡಾ 36ರಷ್ಟು ಏರಿಸಿ 6800ರಿಂದ 12300ರ ಮಟ್ಟಕ್ಕೆ ತರಬೇಕೆಂದು ಶಿಫಾರಸು ಮಾಡಿದೆ. ಆದ್ದರಿಂದ ಕಾಂಟ್ರಾಕ್ಟ್ ಮಾಡುವ ದಿನ ಯಾವ ದರ ಜಾರಿಯಲ್ಲಿದೆ ಎಂದು ನೋಡಿಯೇ ಮೊತ್ತ ತುಂಬಿಸಿ. ಹಳೆಯ ಲೆಕ್ಕ ಹಿಡಿದುಕೊಂಡು ವಾದ ಮಾಡಿದರೆ ಉಪಯೋಗ ಇಲ್ಲ.

ಐಟಿಐ ಫಿಟ್ಟರ್‌ಗೆ 7000 ಅಂದುಕೊಳ್ಳಿ. ಅದರ ಶೇಕಡಾ 25 ಅಂದರೆ 1750, ಆದರೆ ಮಿತಿ 1500. ಸರ್ಕಾರ 1500, ನೀವು 5500. ವರ್ಷಕ್ಕೆ ನಿಮಗೆ ಉಳಿಯುವುದು ತಲಾ 18,000. ನೀವು 10,000 ಕೊಟ್ಟರೂ ಸರ್ಕಾರದ ಪಾಲು 1500ರಲ್ಲೇ ನಿಲ್ಲುತ್ತದೆ. ಎರಡನೇ ವರ್ಷ ಸ್ಟೈಪೆಂಡ್ 7700 ಆದಾಗಲೂ ಅಷ್ಟೇ, ಏರಿದ 700 ನಿಮ್ಮ ಜೇಬಿನಿಂದ. ಹಾಗೆಂದು ಕನಿಷ್ಠಕ್ಕೇ ಅಂಟಿಕೊಳ್ಳಬೇಡಿ. ಬೈಂದೂರಿನಿಂದಲೋ ಸುಳ್ಯದಿಂದಲೋ ಬಂದ ಹುಡುಗ ಮಂಗಳೂರಿನಲ್ಲಿ ಬಾಡಿಗೆ, ಊಟ, ಬಸ್ಸು ಎಲ್ಲವನ್ನೂ 7000ದಲ್ಲಿ ಸುಧಾರಿಸುವುದು ಕಷ್ಟ. ಮೂರು ತಿಂಗಳಿಗೆ ಬಿಟ್ಟು ಹೋದರೆ ನಿಮ್ಮ ಶ್ರಮ ದಂಡ.

## ಹಂತ 5: ಕಾಂಟ್ರಾಕ್ಟ್‌ಗೆ ಮೊದಲು ಅಪ್ರೆಂಟಿಸ್‌ನ ಆಧಾರ್ ಮತ್ತು ಬ್ಯಾಂಕ್ ಖಾತೆ ಸರಿಪಡಿಸಿ

ಹಣ ನಿಲ್ಲುವ ಜಾಗ ಇದೇ. ಇಲ್ಲಿ ಅವಸರ ಮಾಡಬೇಡಿ.

ಹೆಸರು. ಅಭ್ಯರ್ಥಿ ಪೋರ್ಟಲ್‌ನಲ್ಲಿ ಆಧಾರ್ ಇ-ಕೆವೈಸಿ ಮಾಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಸರ್ಟಿಫಿಕೇಟ್, ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರಿನ ಇಂಗ್ಲಿಷ್ ಅಕ್ಷರ ಒಂದೊಂದಾಗಿ ನೋಡಿ. ನಮ್ಮ ಕಡೆ ಈ ತೊಂದರೆ ಸ್ವಲ್ಪ ಜಾಸ್ತಿಯೇ. ಅಂಕಪಟ್ಟಿಯಲ್ಲಿ ಬರೀ ಹೆಸರು ಮತ್ತು ಇನಿಶಿಯಲ್ ಇರುತ್ತದೆ, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ, ಆಚಾರ್ಯ ಸೇರಿರುತ್ತದೆ. ಡಿಸೋಜ ಕುಟುಂಬದವರಿಗೆ ಒಂದರಲ್ಲಿ ಅಪಾಸ್ಟ್ರಫಿ ಇರುತ್ತದೆ, ಇನ್ನೊಂದರಲ್ಲಿ ಇಲ್ಲ, ಮೂರನೆಯದರಲ್ಲಿ ಡಿ ಅಕ್ಷರದ ನಂತರ ಜಾಗ ಬಿಟ್ಟಿರುತ್ತಾರೆ. ಓದುವಾಗ ನಮಗೆ ಎಲ್ಲ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ.

ಮೊಬೈಲ್. ಆಧಾರ್‌ಗೆ ಜೋಡಿಸಿದ ನಂಬರ್ ಅವರ ಕೈಯಲ್ಲೇ ಇರಬೇಕು. ಊರಿನಲ್ಲಿರುವ ಅಪ್ಪನ ನಂಬರ್ ಜೋಡಿಸಿದ್ದರೆ ಪ್ರತಿ ಒಟಿಪಿಗೂ ಫೋನ್ ಮಾಡಬೇಕು, ಅಪ್ಪ ಬೋಟ್‌ನಲ್ಲಿ ಸಮುದ್ರಕ್ಕೆ ಹೋಗಿದ್ದರೆ ಮುಗಿಯಿತು. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ ಬರಲಿ.

ಖಾತೆ. ಡಿಬಿಟಿ ಹಣ ಹೋಗುವುದು ನೀವು ಫಾರ್ಮ್‌ನಲ್ಲಿ ಬರೆದ ಖಾತೆ ನಂಬರ್ ನೋಡಿಕೊಂಡಲ್ಲ. ದೇಶದ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐಯಲ್ಲಿ ಆ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದು ಯಾವುದೋ ಅದು. ಹುಡುಗ ಈಗ ಬಳಸುವ ಖಾತೆಯ ಪಾಸ್‌ಬುಕ್ ತಂದು ಕೊಡುತ್ತಾನೆ, ಜೋಡಣೆ ಇರುವುದು ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದ ಖಾತೆಗೆ. ಆ ಖಾತೆಗೆ ಜೀವ ಇದ್ದರೆ ಹಣ ಅಲ್ಲಿ ಬಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಖಾತೆ ನಿಷ್ಕ್ರಿಯ ಆಗಿದ್ದರೆ ವಾಪಸ್ ಹೋಗುತ್ತದೆ.

ನೋಡುವ ವಿಧಾನ ಸುಲಭ. 'ಮೈ ಆಧಾರ್' ವೆಬ್‌ಸೈಟ್‌ನಲ್ಲಿ ಅವರ ಆಧಾರ್ ಹಾಕಿ ಒಟಿಪಿ ಕೊಟ್ಟು, ಬ್ಯಾಂಕ್ ಸೀಡಿಂಗ್ (ಈ ಜೋಡಣೆಯ) ಸ್ಟೇಟಸ್ ತೆರೆದರೆ ಬ್ಯಾಂಕ್ ಹೆಸರು, ಜೋಡಣೆ ಸಕ್ರಿಯವೋ ಅಲ್ಲವೋ, ಎರಡೂ ಕಾಣುತ್ತವೆ. ಬ್ಯಾಂಕ್ ಬೇರೆ ಬಂದರೆ ಈಗಿನ ಬ್ಯಾಂಕ್‌ಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರ್ಮ್ ಕೊಡಲಿ. ಕೌಂಟರ್‌ನಲ್ಲಿ "ಆಧಾರ್ ಲಿಂಕ್ ಆಗಿದೆ" ಎಂದು ಹೇಳಿದರೆ ಸಾಲದು. ಖಾತೆಗೆ ಕೆವೈಸಿಯಾಗಿ ಆಧಾರ್ ಲಿಂಕ್ ಆಗುವುದು ಬೇರೆ, ಡಿಬಿಟಿಗೆ ಸೀಡಿಂಗ್ ಆಗುವುದು ಬೇರೆ. ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ.

ಹಳೆಯ ಪಾಸ್‌ಬುಕ್ ಬಗ್ಗೆಯೂ ಎಚ್ಚರ. ನಮ್ಮ ಜಿಲ್ಲೆಗಳ ಮನೆಮನೆಯಲ್ಲೂ ಇದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನು, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನು ಸೇರಿದ್ದು 2020ರ ಏಪ್ರಿಲ್‌ನಲ್ಲಿ. ಅಮ್ಮ ಕಪಾಟಿನಲ್ಲಿ ಜೋಪಾನವಾಗಿಟ್ಟ ಆ ಪಾಸ್‌ಬುಕ್‌ನ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದಿಲ್ಲ. ಹೊಸ ಪಾಸ್‌ಬುಕ್ ಮಾಡಿಸಿ ತರಲು ಹೇಳಿ.

ಯುವನಿಧಿ. ಡಿಗ್ರಿ ಅಥವಾ ಡಿಪ್ಲೊಮಾ ಆದವರು ರಾಜ್ಯದ ಯುವನಿಧಿ ಭತ್ಯೆ ಪಡೆಯುತ್ತಿದ್ದಾರೋ ಕೇಳಿ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಅದು ಸಿಗುವಂತಿಲ್ಲ. ಸೇರುವ ಮೊದಲೇ ತಿಳಿಸಿ ನಿಲ್ಲಿಸಲಿ.

## ಹಂತ 6: ಸೀಟು ಪ್ರಕಟಿಸಿ, ಕಾಂಟ್ರಾಕ್ಟ್ ಮಾಡಿ, ಆಮೇಲೆ ಕೆಲಸಕ್ಕೆ ಕರೆಯಿರಿ

ಪೋರ್ಟಲ್‌ನಲ್ಲಿ ಟ್ರೇಡ್, ಸೀಟು, ಜಾಗ, ಸ್ಟೈಪೆಂಡ್ ಹಾಕಿ ಅವಕಾಶ ಪ್ರಕಟಿಸಬೇಕು. ಅಭ್ಯರ್ಥಿ ಅರ್ಜಿ ಹಾಕುತ್ತಾರೆ, ನೀವು ಆಫರ್ ಕಳಿಸುತ್ತೀರಿ, ಅವರು ಒಪ್ಪುತ್ತಾರೆ, ಕಾಂಟ್ರಾಕ್ಟ್ ತಯಾರಾಗುತ್ತದೆ. ಹದಿನೆಂಟು ತುಂಬದವರಾದರೆ ಪೋಷಕರ ಸಹಿ ಬೇಕು. ನ್ಯಾಪ್ಸ್ ಸೌಲಭ್ಯ ಬೇಕು ಎಂಬ ಆಯ್ಕೆ ಬಂದಲ್ಲಿ ಗಮನವಿಟ್ಟು ಗುರುತು ಹಾಕಿ. ಅದನ್ನು ಬಿಟ್ಟರೆ ಕಾಂಟ್ರಾಕ್ಟ್ ಸರಿಯಾಗಿಯೇ ಆಗುತ್ತದೆ, ಸರ್ಕಾರದ ಪಾಲು ಮಾತ್ರ ಬರುವುದಿಲ್ಲ.

ಜನ ಸಿಗುತ್ತಿಲ್ಲ ಅನ್ನುವವರು ಕದ್ರಿಯ ಅಥವಾ ಉಡುಪಿ ಪ್ರಗತಿನಗರದ ಸರ್ಕಾರಿ ಐಟಿಐಗೆ ಹೋಗಿ ಅಪ್ರೆಂಟಿಸ್‌ಶಿಪ್ ನೋಡಿಕೊಳ್ಳುವ ಸಿಬ್ಬಂದಿಯನ್ನು ಕಾಣಿ. ಅಪ್ರೆಂಟಿಸ್‌ಶಿಪ್ ಮೇಳ ಯಾವಾಗ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಫೋನ್‌ಗಿಂತ ಮುಖತಃ ಹೋದರೆ ಕೆಲಸ ಬೇಗ.

ಕಾಯ್ದೆ ಪ್ರಕಾರ ಕಾಂಟ್ರಾಕ್ಟ್ ವಿವರವನ್ನು 7 ದಿನದೊಳಗೆ ಪೋರ್ಟಲ್‌ಗೆ ಹಾಕಬೇಕು. "ಕಳೆದ ತಿಂಗಳಿಂದಲೇ ಬರ್ತಿದ್ದಾನೆ, ಹಿಂದಿನ ತಾರೀಕು ಹಾಕೋಣ" ಅನ್ನುವ ಯೋಚನೆ ಬಿಡಿ. ಕಾಂಟ್ರಾಕ್ಟ್ ಇಲ್ಲದೆ ದುಡಿದ ದಿನಗಳಲ್ಲಿ ಅವನು ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಅಲ್ಲ, ಮಾಮೂಲಿ ಕೆಲಸಗಾರ. ಕನಿಷ್ಠ ಕೂಲಿ, ಪಿಎಫ್, ಇಎಸ್‌ಐ ಎಲ್ಲ ಪ್ರಶ್ನೆ ಎದ್ದು ಬರುತ್ತದೆ.

ಎಚ್ಚರಿಕೆಯ ಗುರುತು: "ಎಲ್ಲ ನಾವೇ ಮಾಡಿಕೊಡ್ತೇವೆ, ಹುಡುಗನಿಂದ ಇಷ್ಟು ಫೀಸ್ ತೆಗೆದುಕೊಳ್ತೇವೆ" ಎನ್ನುವ ಏಜೆಂಟ್ ಬಂದರೆ ಬಾಗಿಲಲ್ಲೇ ಕಳಿಸಿ. ಇರುವ ಕೆಲಸಗಾರರನ್ನೇ ಅಪ್ರೆಂಟಿಸ್ ಎಂದು ತೋರಿಸಿ ಪಿಎಫ್ ಉಳಿಸುವ ಐಡಿಯಾ ಕೊಡುವವರನ್ನೂ ಅಷ್ಟೇ.

## ಹಂತ 7: ಪ್ರತಿ ತಿಂಗಳ ಕೆಲಸ

ಕಾಂಟ್ರಾಕ್ಟ್ ಆದ ಮೇಲೆ ಪೋರ್ಟಲ್ ತೆರೆಯದೇ ಇರುವುದು ಎರಡನೇ ದೊಡ್ಡ ತಪ್ಪು. ಕ್ರಮ ಹೀಗಿರಲಿ.

1. ಹಾಜರಿ ಪುಸ್ತಕ ಬೇರೆ ಇಡಿ. ಕೆಲಸಗಾರರ ಪುಸ್ತಕದಲ್ಲಿ ಅವರನ್ನು ಸೇರಿಸಬೇಡಿ.
2. ನಿಮ್ಮ ಪಾಲನ್ನು ಮುಂದಿನ ತಿಂಗಳ 10ರೊಳಗೆ ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಟ್ಟರೆ ತೋರಿಸಲು ಪುರಾವೆ ಇರುವುದಿಲ್ಲ.
3. ಅದೇ ವಾರ ಪೋರ್ಟಲ್‌ಗೆ ಹೋಗಿ ಹಾಜರಿ, ಕೊಟ್ಟ ಮೊತ್ತ, ಪಾವತಿ ವಿವರ ತುಂಬಿಸಿ. ಇದನ್ನು ತುಂಬಿಸದೆ ಸರ್ಕಾರದ ಪಾಲು ಹೊರಡುವುದಿಲ್ಲ.
4. ಅಪ್ರೆಂಟಿಸ್‌ಗೆ ಹಣ ಬಿತ್ತೋ ಕೇಳಿ. ಬಿದ್ದಿಲ್ಲ ಅಂದರೆ ಮೊದಲು ನೋಡಬೇಕಾದ್ದು ಆಧಾರ್ ಸೀಡಿಂಗ್. ಅದು ಸರಿ ಇದ್ದರೆ ಆಮೇಲೆ ಪೋರ್ಟಲ್‌ನ ಪಾವತಿ ಸ್ಟೇಟಸ್.

ಮೊದಲ ತಿಂಗಳ ಹಣ ಬಾರದೆ ಎರಡನೇ ತಿಂಗಳೂ ಬರಲಿಲ್ಲ ಅಂದರೆ ಅದಾಗಿಯೇ ಸರಿಹೋಗುತ್ತದೆ ಎಂದು ಕೂರಬೇಡಿ. ಕನಿಷ್ಠ ಸ್ಟೈಪೆಂಡ್ ಅವರ ಕೈಸೇರಬೇಕು. ತೊಂದರೆ ಯಾರದ್ದೇ ಆದರೂ ಮುಖ ನೋಡುವುದು ನಿಮ್ಮದನ್ನೇ.

ಸ್ಟೈಪೆಂಡ್ ತಿಂಗಳ ಲೆಕ್ಕದಲ್ಲೇ ಇರಬೇಕು. ಗೇರುಬೀಜದ ಕೆಲಸದಲ್ಲಿ ಕೆ.ಜಿ. ಲೆಕ್ಕದ ಮಜೂರಿ ರೂಢಿ, ಅಪ್ರೆಂಟಿಸ್‌ಗೆ ಪೀಸ್ ರೇಟ್ ಕೊಡುವುದನ್ನು ಕಾಯ್ದೆ ಒಪ್ಪುವುದಿಲ್ಲ. ಹಾಗೆ ಮಾಡಿದರೂ, ತರಬೇತಿಗೆ ಸಂಬಂಧ ಇಲ್ಲದ ಕೆಲಸ ಮಾಡಿಸಿದರೂ ಪ್ರತಿ ಸಲಕ್ಕೆ 1000 ರೂಪಾಯಿ ದಂಡ. ವೆಲ್ಡರ್ ಹುಡುಗನನ್ನು ಡೆಲಿವರಿ ಗಾಡಿಯಲ್ಲಿ ಕಳಿಸುವವರು ಇದನ್ನು ಎರಡು ಸಲ ಓದಿ.

## ಹಂತ 8: ಅಪಘಾತ ಮತ್ತು ಅರ್ಧದಲ್ಲಿ ಬಿಡುವುದು

ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ. ಇದು ಉಳಿತಾಯ ಅನ್ನಿಸಬಹುದು, ಆದರೆ ಇಎಸ್‌ಐ ಇಲ್ಲ ಎಂದರೆ ಗಾಯವಾದರೆ ಆಸ್ಪತ್ರೆ ಬಿಲ್ ಹಿಡಿದುಕೊಂಡು ನಿಲ್ಲುವುದು ನೀವೇ. ತರಬೇತಿ ವೇಳೆ ಆದ ಅಪಘಾತಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದೆಂದು ಅಪ್ರೆಂಟಿಸ್ ಕಾಯ್ದೆಯೇ ಹೇಳುತ್ತದೆ. ಲೇತ್, ಪ್ರೆಸ್, ಗ್ರೈಂಡರ್ ಇರುವ ಕಡೆ ಮೊದಲ ದಿನಕ್ಕೆ ಮೊದಲೇ ಅಪ್ರೆಂಟಿಸ್‌ಗಳ ಹೆಸರು ಸೇರಿಸಿ ವಿಮೆ ಮಾಡಿಸಿ.

ನಿಮ್ಮ ತಪ್ಪಿನಿಂದ ಕಾಂಟ್ರಾಕ್ಟ್ ಅರ್ಧಕ್ಕೆ ಮುರಿದರೆ ಮೂರು ತಿಂಗಳ ಸ್ಟೈಪೆಂಡ್ ಪರಿಹಾರವಾಗಿ ಕೊಡಬೇಕು. ಅವರಾಗಿಯೇ ಬರುವುದು ನಿಲ್ಲಿಸಿದರೆ ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಮುಗಿಸಿ. ಸುಮ್ನೆ ಬಿಟ್ಟರೆ ಆ ಹೆಸರು ನಿಮ್ಮ ಸೀಟು ಹಿಡಿದುಕೊಂಡಿರುತ್ತದೆ, ಅವರಿಗೂ ಬೇರೆ ಕಡೆ ಸೇರಲು ತೊಡಕು.

## ಹಂತ 9: ತರಬೇತಿ ಮುಗಿದ ಮೇಲೆ

ಗೊತ್ತುಪಡಿಸಿದ ಟ್ರೇಡ್‌ನವರು ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಪಡೆಯುತ್ತಾರೆ. ಪರೀಕ್ಷೆಯ ಅರ್ಜಿ ದಿನಾಂಕ ದಾಟಿಹೋಗದಂತೆ ನೋಡಿಕೊಳ್ಳಿ, ಅವರ ವರ್ಷದ ದುಡಿಮೆ ಅದರ ಮೇಲೆ ನಿಂತಿದೆ.

ಅವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುವುದಾದರೆ ಮತ್ತೊಂದು ಹಣದ ದಾರಿ ಇದೆ, ಮತ್ತು ಅನೇಕರು ಇದನ್ನು ಅಪ್ರೆಂಟಿಸ್ ಯೋಜನೆಯ ಜೊತೆ ಕಲಸಿಕೊಳ್ಳುತ್ತಾರೆ. ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಹೊಸ ಕೆಲಸಗಳಿಗೆ. ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿ ಉದ್ಯೋಗಿಗೆ ಮಾಲೀಕರಿಗೆ ತಿಂಗಳಿಗೆ 3000 ರೂಪಾಯಿವರೆಗೆ ಎರಡು ವರ್ಷ ಸಿಗುತ್ತದೆ, ಉತ್ಪಾದನಾ ಘಟಕಗಳಿಗೆ ನಾಲ್ಕು ವರ್ಷ. ಇದು ನಿಮ್ಮದೇ ಖಾತೆಗೆ ಬರುವ ಹಣ. 50ಕ್ಕಿಂತ ಕಡಿಮೆ ಜನ ಇರುವ ಸಂಸ್ಥೆ ಕನಿಷ್ಠ ಇಬ್ಬರನ್ನು, 50 ಅಥವಾ ಹೆಚ್ಚು ಜನ ಇರುವವರು ಕನಿಷ್ಠ ಐವರನ್ನು ಹೆಚ್ಚುವರಿಯಾಗಿ ಸೇರಿಸಿ ಆರು ತಿಂಗಳು ಉಳಿಸಿಕೊಂಡಿರಬೇಕು. ಲೆಕ್ಕ ಹಿಡಿಯುವುದು ಪಿಎಫ್ ಆಧಾರದ ಮೇಲೆ. ಅಪ್ರೆಂಟಿಸ್ ಆಗಿದ್ದ ತಿಂಗಳುಗಳು ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ನೇಮಕಾತಿ ಪತ್ರ ಕೊಟ್ಟ ದಿನವೇ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣ ಮಾಡಿಸಿ ಯುಎಎನ್ (ಪಿಎಫ್‌ನ ಖಾಯಂ ಸಂಖ್ಯೆ) ತೆಗೆಸಿ, ಮೊದಲ ಸಂಬಳದಿಂದಲೇ ಪಿಎಫ್ ಕಟ್ಟಲು ಶುರು ಮಾಡಿ.